ಮಕ್ಕಳಿಗೆ ಮನೆಗೆಲಸ ಕಡ್ಡಾಯ ಮಾಡಬೇಕಾ? ನನ್ನ ಹನ್ನೆರಡು ವರ್ಷದ ಮಗನಿಗೆ ಒಲೆ ಹಚ್ಚಲು ಬರುವುದಿಲ್ಲ

ಮೈಸೂರು_ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನನಗೆ ಡೆಂಗಿ ಬಂದಿತ್ತು. ಹತ್ತು ದಿನ ಹಾಸಿಗೆ ಬಿಟ್ಟು ಏಳಲು ಆಗಲಿಲ್ಲ. ಮನೆಯಲ್ಲಿ ಗಂಡ, ಅತ್ತೆ, ಹನ್ನೆರಡು ವರ್ಷದ ಮಗ, ಒಂಬತ್ತು ವರ್ಷದ ಮಗಳು ಇದ್ದಾರೆ.

ಮೂರನೇ ದಿನ ಮಧ್ಯಾಹ್ನ ಅತ್ತೆ ಹೊರಗೆ ಹೋಗಿದ್ದರು. ಮಗನನ್ನು ಕರೆದು, ಫ್ರಿಜ್ಜಿನಲ್ಲಿ ಗಂಜಿ ಇದೆ, ಸ್ವಲ್ಪ ಬಿಸಿ ಮಾಡಿ ಕೊಡು ಕಂದ ಅಂದೆ. ಹೋದವನು ಐದು ನಿಮಿಷ ಬಿಟ್ಟು ಬಂದ. ಕೈಯಲ್ಲಿ ಲೈಟರ್. "ಅಮ್ಮಾ, ಇದನ್ನ ಎಲ್ಲಿ ಹಿಡೀಬೇಕು?" ಅಂದ. ಕಣ್ಣಲ್ಲಿ ನೀರು ತುಂಬಿತ್ತು. ಅಷ್ಟರಲ್ಲಿ ಮಗಳು ಎದ್ದು ಹೋಗಿ, ಸ್ಟೂಲ್ ಎಳೆದುಕೊಂಡು ಒಲೆ ಹಚ್ಚಿ, ಗಂಜಿ ಬಿಸಿ ಮಾಡಿ, ಉಪ್ಪಿನಕಾಯಿ ಸಮೇತ ತಂದುಕೊಟ್ಟಳು. ಅವಳಿಗೆ ನಾನು ಕಲಿಸಿರಲಿಲ್ಲ. ಅಜ್ಜಿ ಕಲಿಸಿದ್ದಾರೆ. ಅವನಿಗೆ ಯಾರೂ ಕಲಿಸಿಲ್ಲ.

ಆ ಗಂಜಿ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಈಗ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇನೆ. ಇಬ್ಬರಿಗೂ ಸಮ ಕೆಲಸ. ಅತ್ತೆಗೆ ಬೇಜಾರು. "ಗಂಡು ಮಗು ಕೈಯಲ್ಲಿ ಪಾತ್ರೆ ತೊಳೆಸ್ತೀಯಾ?" ಅಂತಾರೆ. ಗಂಡ, "ಓದೋ ವಯಸ್ಸು, ಬಿಡು" ಅಂತಾರೆ. ನಿಮ್ಮ ಮನೆಗಳಲ್ಲಿ ಹೇಗೆ? ಕಡ್ಡಾಯ ಮಾಡಬೇಕಾ, ಅವರಾಗಿಯೇ ಮಾಡಲಿ ಅಂತ ಬಿಡಬೇಕಾ?

ಹೊಸಪೇಟೆ_ಅಪ್ಪ
ಕಡ್ಡಾಯ ಮಾಡಿ. ಇದರಲ್ಲಿ ಕೇಳುವುದೇನಿದೆ.

ಶಿರಸಿ_ತೋಟದಿಂದ
ನಮ್ಮದು ಅಡಿಕೆ ತೋಟದ ಮನೆ. ಚಿಕ್ಕಂದಿನಲ್ಲಿ ಕಡ್ಡಾಯ ಅನ್ನುವ ಮಾತನ್ನೇ ನಾವು ಕೇಳಿರಲಿಲ್ಲ. ಐದಾರು ವರ್ಷಕ್ಕೆ ಪೂಜೆಗೆ ಹೂ ಕೊಯ್ಯುವುದು. ಎಂಟಕ್ಕೆ ಕರು ಬಿಡುವುದು, ಕಟ್ಟುವುದು. ಹತ್ತಕ್ಕೆ ಮರದ ಬುಡದಲ್ಲಿ ಬಿದ್ದ ಅಡಿಕೆ ಹೆಕ್ಕುವುದು. ಚಾಲಿ ಒಣಗಲು ಹಾಕಿದಾಗ ಮೋಡ ಕವಿದರೆ ಮನೆಮಂದಿಯೆಲ್ಲ ಅಂಗಳಕ್ಕೆ ಓಡಬೇಕು. ಅಪ್ಪ, ಅಜ್ಜ, ಶಾಲೆಯಿಂದ ಈಗಷ್ಟೇ ಬಂದ ನಾನು, ಎಲ್ಲರೂ. ಅಡಿಕೆ ನೆನೆದರೆ ಬಣ್ಣ ಹೋಗುತ್ತದೆ, ರೇಟು ಬೀಳುತ್ತದೆ. ಅದು ಮಕ್ಕಳಿಗೂ ಗೊತ್ತಿತ್ತು.

ಈಗ ಅಣ್ಣನ ಮಗ ಬೆಂಗಳೂರಲ್ಲಿದ್ದಾನೆ. ಅವನಿಗೂ ಕೆಲಸ ಕೊಡುತ್ತಾರೆ, ಬುಕ್ ಶೆಲ್ಫ್ ಒರೆಸು ಅಂತ. ಅವನು ಒರೆಸದಿದ್ದರೆ ಏನೂ ಆಗುವುದಿಲ್ಲ. ಅದು ಅವನಿಗೂ ಗೊತ್ತು. ಮಾಡದಿದ್ದರೆ ಮನೆ ನಿಲ್ಲುವಂಥ ಕೆಲಸ ಕೊಡಿ ಅಕ್ಕ. ಸಂಜೆಯ ಅನ್ನ ಅವನದು ಅನ್ನಿ. ಅವನು ಇಡದಿದ್ದರೆ ಅನ್ನ ಇಲ್ಲ.

ಲೆಕ್ಕದ_ಮೇಷ್ಟ್ರು
ನನ್ನದು ಬೇರೆ ಅಭಿಪ್ರಾಯ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಪೇಟೆಯ ಮಕ್ಕಳ ದಿನ ನೋಡಿ. ಬೆಳಿಗ್ಗೆ ಏಳೂವರೆಗೆ ವ್ಯಾನ್, ನಾಲ್ಕೂವರೆಗೆ ವಾಪಸ್, ಐದೂವರೆಗೆ ಟ್ಯೂಷನ್, ಎಂಟಕ್ಕೆ ಹೋಂವರ್ಕ್. ಆಟಕ್ಕೇ ಟೈಮಿಲ್ಲ. ಅದರ ಮೇಲೆ ನೀವು ಪಾತ್ರೆನೂ ಸೇರಿಸಿದರೆ ಅವು ಯಾವಾಗ ಓಡಾಡಬೇಕು? ಮೊದಲು ಒಂದು ಗಂಟೆ ಬೀದಿಯಲ್ಲಿ ಆಡಲು ಬಿಡಿ.

ಕೊಪ್ಪಳ_ಕನ್ನಡತಿ
ಮೇಷ್ಟ್ರೇ, ಟ್ಯೂಷನ್ ಒಂದು ಬಿಡಿಸಿ. ಆಟಕ್ಕೂ ಟೈಮು, ಪಾತ್ರೆಗೂ ಟೈಮು.

ಲೆಕ್ಕದ_ಮೇಷ್ಟ್ರು
ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಕಾರ್ಪೊರೇಟ್_ಕನ್ನಡಿಗ
ಹಾರ್ವರ್ಡ್ ಯೂನಿವರ್ಸಿಟಿ 75 ವರ್ಷ ರಿಸರ್ಚ್ ಮಾಡಿ ಸಾಬೀತು ಮಾಡಿದೆ. ಮನೆಗೆಲಸ ಮಾಡುವ ಮಕ್ಕಳು ಮುಂದೆ ಜೀವನದಲ್ಲಿ ಗೆಲ್ಲುತ್ತಾರೆ. ವಾಟ್ಸಾಪಲ್ಲಿ ಬಂದಿತ್ತು, ಎಲ್ಲರೂ ಓದಿ.

ಪುಟ_ತಿರುವುವವ
ಆ ಮೆಸೇಜು ನನಗೂ ಬಂದಿದೆ. ಮೂಲ ಹಾಗಿಲ್ಲ. 1981ರಲ್ಲಿ ಒಂದು ಲೇಖನ ಬಂತು. ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರನ್ನು ಹದಿಹರೆಯದಿಂದ ನಡುವಯಸ್ಸಿನವರೆಗೆ ಹಿಂಬಾಲಿಸಿ ನೋಡಿದ್ದರು. ಹುಡುಗನಿದ್ದಾಗ ದುಡಿಯುವ ಅಭ್ಯಾಸ ಇದ್ದವರು ಮುಂದೆ ಚೆನ್ನಾಗಿದ್ದರು ಅನ್ನುವುದು ಅದರ ಸಾರ. ಆದರೆ ಆ "ದುಡಿಯುವ ಅಭ್ಯಾಸ"ದ ಲೆಕ್ಕದಲ್ಲಿ ಮನೆಗೆಲಸದ ಜೊತೆಗೆ ಪಾರ್ಟ್ ಟೈಮ್ ಕೆಲಸ, ಶಾಲೆಯ ಓದು, ಇತರ ಚಟುವಟಿಕೆ ಎಲ್ಲವೂ ಸೇರಿದ್ದವು. ಬರೀ ಪಾತ್ರೆ ತೊಳೆದವರು ಗೆದ್ದರು ಅಂತ ಯಾರೂ ಹೇಳಲಿಲ್ಲ. ಮತ್ತೆ, ನೋಡಿದ್ದು ಹುಡುಗರನ್ನು ಮಾತ್ರ.

ಮಕ್ಕಳು ಮನೆಗೆಲಸ ಕಲಿಯಬೇಕು ಅನ್ನಲು ಹಾರ್ವರ್ಡ್ ಯಾಕೆ ಬೇಕು? ಉಂಡ ತಟ್ಟೆ ತೊಳೆಯಬೇಕು, ಅಷ್ಟೇ.

ಕಾರ್ಪೊರೇಟ್_ಕನ್ನಡಿಗ
ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ನಮ್ಮ ಗ್ರೂಪಿಗೂ ಇದನ್ನು ಹಾಕುತ್ತೇನೆ.

ಬಿಸಿಯೂಟದ_ಟೀಚರ್
ತಟ್ಟೆ ಅಂದಿದ್ದಕ್ಕೆ ಒಂದು ಮಾತು. ನಾನು ಸರ್ಕಾರಿ ಶಾಲೆಯಲ್ಲಿದ್ದೇನೆ. ಬಿಸಿಯೂಟ ಆದ ಮೇಲೆ ಪ್ರತಿ ಮಗುವೂ ನಲ್ಲಿ ಹತ್ತಿರ ಸಾಲು ನಿಂತು ತನ್ನ ತಟ್ಟೆ ತೊಳೆಯುತ್ತದೆ. ಹುಡುಗ ಹುಡುಗಿ ಭೇದ ಇಲ್ಲ. ಕೆಲವು ಹುಡುಗರಂತೂ ತಿಕ್ಕಿ ತಿಕ್ಕಿ ಹೊಳಪು ಬರಿಸುತ್ತಾರೆ. ಪೇರೆಂಟ್ಸ್ ಮೀಟಿಂಗಲ್ಲಿ ಅದೇ ಹುಡುಗನ ತಾಯಿ, "ನಮ್ಮ ಹುಡುಗ ಉಂಡ ತಟ್ಟೆ ಎತ್ತೋದಿಲ್ಲ ಟೀಚರ್" ಅಂತಾರೆ. ಶಾಲೆಯಲ್ಲಿ ಎಲ್ಲರೂ ಮಾಡುತ್ತಾರೆ, ಅವನೂ ಮಾಡುತ್ತಾನೆ. ಮನೆಯಲ್ಲಿ ಅಪ್ಪ ತಟ್ಟೆ ಬಿಟ್ಟು ಏಳುತ್ತಾರೆ, ಅವನೂ ಏಳುತ್ತಾನೆ.

ಹಾಸನದ_ಹೈದ
ಶಾಲೆಯಲ್ಲಿ ಮಕ್ಕಳಿಂದ ಕೆಲಸ ಮಾಡಿಸುವುದು ತಪ್ಪಲ್ವಾ? 2023ರ ಡಿಸೆಂಬರಲ್ಲಿ ಮಾಲೂರು ತಾಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿ ಸ್ವಚ್ಛ ಮಾಡಲು ಇಳಿಸಿದ್ದು ಮರೆತಿರಾ?

ಬಿಸಿಯೂಟದ_ಟೀಚರ್
ಮರೆಯಲು ಆಗುವುದಿಲ್ಲ. ಆ ಸುದ್ದಿ ಓದಿದ ದಿನ ನಾನು ಅತ್ತಿದ್ದೇನೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ತನ್ನ ತಟ್ಟೆ ತಾನು ತೊಳೆಯುವುದು ಬೇರೆ. ದೊಡ್ಡವರು ಯಾರೂ ಇಳಿಯದ ಗುಂಡಿಗೆ, ಅದರಲ್ಲೂ ದಲಿತ ಮಕ್ಕಳನ್ನು ಇಳಿಸುವುದು ಅಪರಾಧ. ಅದು ಮನೆಗೆಲಸವೂ ಅಲ್ಲ, ಶಿಸ್ತೂ ಅಲ್ಲ. ಅದಕ್ಕೇ ಕೇಸು ಆಗಿದ್ದು.

ಬೆಳ್ತಂಗಡಿ_ಬೆಳಕು
ಈ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಷ್ಟು ದಿನ ಎಲ್ಲೂ ಹೇಳಿರಲಿಲ್ಲ.

ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ನಾನು ಮೂರನೇ ಕ್ಲಾಸಿನಿಂದ ಅವರ ಪಕ್ಕ ಕೂತವಳು. ಅಮ್ಮ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಎಲೆ ಸುರುಟಿ ನೂಲು ಸುತ್ತುವುದು, ನಾನು ಬೀಡಿಯ ತುದಿ ಮಡಚುವುದು. ಹೊಗೆಸೊಪ್ಪಿನ ಧೂಳಿಗೆ ರಾತ್ರಿ ಕೆಮ್ಮು. ಬೆರಳ ತುದಿ ಯಾವಾಗಲೂ ಒರಟು. ಲೆಕ್ಕ ತುಂಬದ ದಿನ ಹನ್ನೊಂದು ಗಂಟೆಯವರೆಗೂ ಕೂರುತ್ತಿದ್ದೆವು. ಬೆಳಿಗ್ಗೆ ಕ್ಲಾಸಲ್ಲಿ ನಿದ್ದೆ. ಅಮ್ಮನಿಗೆ ಸಹಾಯ ಮಾಡುವ ಒಳ್ಳೆಯ ಹುಡುಗಿ ಅಂತ ಊರೆಲ್ಲ ಹೊಗಳುತ್ತಿತ್ತು. ಅಮ್ಮನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಆ ಬೀಡಿಯ ದುಡ್ಡಲ್ಲೇ ನಾನು ಓದಿದ್ದು.

ಮನೆಯೊಳಗೆ ನಡೆಯುವ ಕೆಲಸವೆಲ್ಲ ಮನೆಗೆಲಸ ಅಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಹದಿನಾಲ್ಕು ತುಂಬದ ಮಕ್ಕಳು ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗಬಹುದು, ಆದರೆ ಅಪಾಯದ ಕೆಲಸ ಆಗಿರಬಾರದು, ಓದಿಗೆ ತೊಂದರೆ ಆಗಬಾರದು ಅಂತ ಅದರಲ್ಲಿದೆ. ಮನೆಯ ಬಾಗಿಲು ಹಾಕಿದ ಮೇಲೆ ಅದನ್ನು ನೋಡುವವರು ಯಾರು? ಹಾಗಾಗಿ "ಕಡ್ಡಾಯ" ಅನ್ನುವ ಮಾತು ಕೇಳಿದರೆ ನನಗೆ ಹೆದರಿಕೆ. ಎಷ್ಟು ಹೊತ್ತು, ಯಾವ ಕೆಲಸ, ಯಾವ ಮಗು ಅಂತ ಮೊದಲು ಕೇಳಬೇಕು.

ಶಿರಸಿ_ತೋಟದಿಂದ
ಅಕ್ಕ, ನಾನು ಅಂಗಳಕ್ಕೆ ಓಡಿದ ಕಥೆ ಬರೆದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಮಕ್ಕಳೂ ಅದೇ ಅಡಿಕೆ ಹೆಕ್ಕುತ್ತಿದ್ದರು. ಬೇಜಾರಾದರೆ ನಾನು ಆಡಲು ಹೋಗಬಹುದಿತ್ತು. ಅವರಿಗೆ ಆಗುತ್ತಿರಲಿಲ್ಲ. ಇವತ್ತು ನಿಮ್ಮ ಮಾತು ಓದುವಾಗ ಅದು ನೆನಪಾಯಿತು.

ಹುಬ್ಬಳ್ಳಿ_ನೀರಿನ_ದಿನ
ನಮ್ಮಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಕೆಲವು ಸಲ ಇನ್ನೂ ತಡ. ರಾತ್ರಿ ಎರಡಕ್ಕೆ ಬಂದರೂ ಎಲ್ಲರೂ ಏಳಲೇಬೇಕು. ನಾನು ಪೈಪ್ ಹಿಡಿಯುವುದು, ತಂಗಿ ಕೊಡ ಸಾಲಾಗಿ ಇಡುವುದು, ಅವ್ವ ಸೋಸುವುದು. ನಿದ್ದೆಗಣ್ಣಲ್ಲೂ ಕೊಡ ತುಂಬುವ ಸದ್ದಿನ ಮೇಲೇ ಗೊತ್ತಾಗುತ್ತಿತ್ತು, ಇನ್ನು ಪೈಪ್ ತೆಗಿಯಬೇಕು ಅಂತ. ಈಗ ಬೆಂಗಳೂರಲ್ಲಿ ನಲ್ಲಿ ತಿರುಗಿಸಿದರೆ ನೀರು. 2024ರ ಮಾರ್ಚಲ್ಲಿ ಇಲ್ಲೂ ನೀರಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಒದ್ದಾಡಿದರು ನೋಡಿ, ನನ್ನ ಹತ್ತು ವರ್ಷದ ಮಗಳಿಗೆ ಆಗಲೇ ಬಕೆಟ್ ಲೆಕ್ಕ ಕಲಿಸಿದ್ದು. ತರಕಾರಿ ತೊಳೆದ ನೀರು ಗಿಡಕ್ಕೆ. ಇವತ್ತಿಗೂ ಅದು ಅವಳದೇ ಕೆಲಸ. ಯಾರೂ ನೆನಪಿಸಬೇಕಾಗಿಲ್ಲ.

ಅಂಕಿ_ಸಂಖ್ಯೆ
ಮಲ್ಲಿಗೆ ಮೇಡಂ, ನಿಮ್ಮ ಮಗಳಿಗೆ ಬರುತ್ತದೆ, ಮಗನಿಗೆ ಬರುವುದಿಲ್ಲ ಅಂದಿರಲ್ಲ, ಅದೇ ದೊಡ್ಡದಾದರೆ ಹೇಗಿರುತ್ತದೆ ನೋಡಿ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಆಯಿತು. ಸಂಬಳ ಇಲ್ಲದ ಮನೆಗೆಲಸ ಮಾಡುವ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಮಾಡುತ್ತಿದ್ದರು, ಗಂಡಸರು 97 ನಿಮಿಷ. 2024ರಲ್ಲಿ ಹೆಂಗಸರದು 289, ಗಂಡಸರದು 88. ಇದು ಮನೆಗೆಲಸಕ್ಕೆ ಕೈ ಹಾಕುವವರ ಲೆಕ್ಕ ಮಾತ್ರ. ಗಂಡಸರಲ್ಲಿ ಕೈ ಹಾಕುವವರೇ ನೂರಕ್ಕೆ ಸುಮಾರು 27 ಮಂದಿ.

ಇನ್ನೊಂದು ವಿಷಯ. ಈ ಸಮೀಕ್ಷೆ ಆರು ವರ್ಷ ಮೇಲ್ಪಟ್ಟವರನ್ನೆಲ್ಲ ಎಣಿಸುತ್ತದೆ. ಅಂದರೆ ಸ್ಟೂಲ್ ಎಳೆದುಕೊಂಡು ಒಲೆ ಹಚ್ಚುವ ಹುಡುಗಿಯೂ ಅದರೊಳಗೆ ಬರುತ್ತಾಳೆ.

ತುಮಕೂರು_ತಾತ
ಐದು ವರ್ಷದಲ್ಲಿ ಗಂಡಸರದು ಇನ್ನೂ ಕಮ್ಮಿ ಆಯಿತಾ?

ಅಂಕಿ_ಸಂಖ್ಯೆ
ಹೌದು ತಾತ, ಇಬ್ಬರದೂ ಕಮ್ಮಿ ಆಗಿದೆ. ನಡುವಿನ ಅಂತರ ಹಾಗೇ ಇದೆ.

ಸ್ಟುಟ್‌ಗಾರ್ಟ್_ಸಂಕ್ರಾಂತಿ
ಜರ್ಮನಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಇದು ಕಾನೂನಿನಲ್ಲೇ ಇದೆ ಅಂದರೆ ನಂಬುತ್ತೀರಾ? ಇಲ್ಲಿಯ ಸಿವಿಲ್ ಸಂಹಿತೆಯ 1619ನೇ ಕಲಂ ಪ್ರಕಾರ, ಅಪ್ಪ ಅಮ್ಮನ ಮನೆಯಲ್ಲಿ ಬೆಳೆಯುತ್ತಿರುವ ಮಗು ತನ್ನ ಶಕ್ತಿಗೆ ತಕ್ಕಂತೆ ಮನೆಯ ಕೆಲಸದಲ್ಲಿ ನೆರವಾಗಬೇಕು. ಮಾಡದಿದ್ದರೆ ಪೊಲೀಸರೇನೂ ಬರುವುದಿಲ್ಲ. ಶಿಕ್ಷೆ ಅಂತ ಅದರಲ್ಲಿಲ್ಲ. ಆದರೆ "ಮಗ" ಅಂತಲೂ ಇಲ್ಲ, "ಮಗಳು" ಅಂತಲೂ ಇಲ್ಲ. ಮಗು ಅಂತಿದೆ. ನನಗೆ ಅದು ಇಷ್ಟ.

ನಮ್ಮ ಊರಲ್ಲಿ ಕೆರ್‌ವೋಖೆ ಅಂತ ಪದ್ಧತಿ ಇದೆ. ವಾರಕ್ಕೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಫಲಕ ತೂಗು ಹಾಕುತ್ತಾರೆ. ನಮ್ಮ ಸರದಿ ಬಂದಾಗ ಮಗಳು ಮೇಲಿಂದ ಗುಡಿಸುತ್ತಾ ಬರುತ್ತಾಳೆ, ಮಗ ಹಿಂದೆ ಒರೆಸುತ್ತಾ ಬರುತ್ತಾನೆ. ಕೆಳಗಿನ ಮನೆಯ ಅಜ್ಜಿ ಬಾಗಿಲು ತೆಗೆದು ಮೂಲೆ ಸರಿಯಾಗಿ ಆಗಿದೆಯಾ ಅಂತ ನೋಡುತ್ತಾರೆ!

ರಾಯಚೂರು_ರೊಟ್ಟಿ
ಮೂಲೆ ನೋಡುವ ಅಜ್ಜಿಯರು ಎಲ್ಲ ದೇಶದಲ್ಲೂ ಇದ್ದಾರೆ ಅನ್ನಿ.

ಲೆಕ್ಕಪತ್ರ_ಕಿರಣ
ನಾನು ಸುಲಭ ದಾರಿ ಕಂಡುಕೊಂಡಿದ್ದೇನೆ. ಪಾತ್ರೆಗೆ ಹತ್ತು ರೂಪಾಯಿ, ಬಟ್ಟೆ ಮಡಚಿದರೆ ಐದು, ಕಸ ಹಾಕಿ ಬಂದರೆ ಐದು. ಮಗಳು ಖುಷಿಯಾಗಿ ಮಾಡುತ್ತಾಳೆ. ದುಡ್ಡಿನ ಬೆಲೆಯೂ ತಿಳಿಯುತ್ತದೆ.

ಕೊಪ್ಪಳ_ಕನ್ನಡತಿ
ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ಮಗು ಒಂದು ದಿನ ಅದನ್ನೂ ಕೇಳುತ್ತದೆ.

ಲೆಕ್ಕಪತ್ರ_ಕಿರಣ
ಪ್ರಶ್ನೆ ಸರಿ ಇದೆ. ಆದರೆ ದುಡ್ಡು ನಿಲ್ಲಿಸಿದರೆ ಅವಳು ಮಾಡುವುದನ್ನೇ ನಿಲ್ಲಿಸುತ್ತಾಳೆ ಅನ್ನುವ ಭಯ.

ಸ್ಟುಟ್‌ಗಾರ್ಟ್_ಸಂಕ್ರಾಂತಿ
ಆ ಭಯಕ್ಕೆ ಕಾರಣ ಇದೆ ಕಿರಣ್ ಅವರೇ. ಇಲ್ಲಿಯ ಲೈಪ್ಸಿಗ್‌ನಲ್ಲಿ ಸಣ್ಣ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು, 2008ರಲ್ಲಿ ಪ್ರಕಟ ಆಯಿತು. ಇಪ್ಪತ್ತು ತಿಂಗಳ ಮಕ್ಕಳ ಮುಂದೆ ದೊಡ್ಡವರೊಬ್ಬರು ವಸ್ತು ಬೀಳಿಸುವುದು, ಮಗು ಎತ್ತಿ ಕೊಡುವುದು. ಕೆಲವು ಮಕ್ಕಳಿಗೆ ಪ್ರತಿ ಸಲ ಆಟಿಕೆಯ ಇನಾಮು ಕೊಟ್ಟರು. ಕೆಲವಕ್ಕೆ ಏನೂ ಕೊಡಲಿಲ್ಲ. ಆಮೇಲೆ ನೋಡಿದರೆ ಇನಾಮು ಪಡೆದ ಮಕ್ಕಳೇ ಮುಂದೆ ಕಮ್ಮಿ ಸಹಾಯ ಮಾಡಿದವು.

ಒಂದೂವರೆ ವರ್ಷದ ಮಗು ಪೊರಕೆ ಕೇಳುತ್ತದೆ, ನೋಡಿರುತ್ತೀರಿ. ನಾವೇ ಕಿತ್ತುಕೊಂಡು ಎತ್ತಿಡುತ್ತೇವೆ, ಕಸ ಜಾಸ್ತಿ ಮಾಡುತ್ತೆ ಅಂತ. ಹನ್ನೆರಡಕ್ಕೆ ಅದೇ ಪೊರಕೆ ಕೈಗೆ ಕೊಟ್ಟು, ಮಾಡಲ್ಲ ಅಂತ ಬೈಯುತ್ತೇವೆ.

ಹತ್ತನೇ_ಕ್ಲಾಸ್_ಬಿ
ನಾನು ಎಸ್ಸೆಸ್ಸೆಲ್ಸಿ ಓದ್ತಾ ಇದ್ದೇನೆ. ದೊಡ್ಡವರ ಮಧ್ಯೆ ಮಾತಾಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮಗೆ ಕೆಲಸ ಮಾಡಲು ಕಷ್ಟ ಇಲ್ಲ. ಮಾಡಿದ ಮೇಲೆ ಬರುವ ಮಾತು ಕಷ್ಟ. ಪಾತ್ರೆ ತೊಳೆದರೆ ಅಮ್ಮ ಬಂದು ಜಿಡ್ಡು ಹಾಗೇ ಇದೆ ಅಂತ ಮತ್ತೆ ಎಲ್ಲವನ್ನೂ ತೊಳೆಯುತ್ತಾರೆ. ಚಪಾತಿ ಲಟ್ಟಿಸಿದರೆ ಇದೇನು ಕರ್ನಾಟಕದ ಮ್ಯಾಪಾ ಅಂತಾರೆ. ಕ್ರಿಕೆಟ್ ಕೋಚ್ ಮೊದಲ ದಿನವೇ ಸೆಂಚುರಿ ಹೊಡಿ ಅನ್ನುವುದಿಲ್ಲ ಅಲ್ವಾ?

ಇನ್ನೊಂದು, ಫೋನ್ ನೋಡುವಾಗ ಮಾತ್ರ ಕೆಲಸ ನೆನಪಾಗುತ್ತೆ ನಿಮಗೆಲ್ಲ. ಅದಕ್ಕೇ ಅದು ಶಿಕ್ಷೆ ಥರ ಅನಿಸುತ್ತೆ. ಇದು ನಿನ್ನ ಕೆಲಸ, ಇಷ್ಟು ಹೊತ್ತಿಗೆ ಅಂತ ಮೊದಲೇ ಹೇಳಿದರೆ ಮಾಡುತ್ತೇವೆ.

ಮೈಸೂರು_ಮಲ್ಲಿಗೆ
ಕಂದ, ಜಿಡ್ಡು ಪಾತ್ರೆ ಮತ್ತೆ ತೊಳೆಯುವ ಅಮ್ಮ ನಾನೂ ಹೌದು. ಇನ್ನು ಮೇಲೆ ಹಾಗೆ ಮಾಡುವುದಿಲ್ಲ.

ಬಿಸಿಯೂಟದ_ಟೀಚರ್
ಹತ್ತನೇ ಕ್ಲಾಸ್, ಎಣ್ಣೆ ಪಾತ್ರೆಗೆ ಮೊದಲು ಬಿಸಿ ನೀರು ಹಾಕಿ ಹತ್ತು ನಿಮಿಷ ಬಿಡಪ್ಪ. ಲೋಟ ಮೊದಲು, ಬಾಣಲೆ ಕೊನೆಗೆ. ಅಮ್ಮ ಮತ್ತೆ ತೊಳೆಯುವುದಿಲ್ಲ.

ದಾವಣಗೆರೆ_ದೋಸೆ
ನಮ್ಮ ಮನೆಯಲ್ಲಿ ಬೂದಿ, ತೆಂಗಿನ ನಾರು. ಹಿತ್ತಾಳೆಗೆ ಹುಣಸೆಹಣ್ಣು. ಈಗಿನ ಯಾವ ಸೋಪಿಗೂ ಆ ಹೊಳಪು ಬರುವುದಿಲ್ಲ.

ರಾಯಚೂರು_ರೊಟ್ಟಿ
ಬೂದಿ ಎಲ್ಲಿಂದ ತರಬೇಕು ಈಗ, ಎಲ್ಲರ ಮನೆಯಲ್ಲೂ ಗ್ಯಾಸ್.

ದಾವಣಗೆರೆ_ದೋಸೆ
ಅದೂ ನಿಜ. ಹುಣಸೆಹಣ್ಣಂತೂ ಸಿಗುತ್ತದೆ.

ಅರವತ್ತೆಂಟರ_ಅಜ್ಜಿ
ಇಲ್ಲಿ ಅತ್ತೆಯ ಪರವಾಗಿ ಯಾರೂ ಮಾತಾಡಲಿಲ್ಲ. ನಾನು ಮಾತಾಡುತ್ತೇನೆ.

ನಾನೂ ನನ್ನ ಮಗನಿಗೆ ಏನೂ ಕಲಿಸಲಿಲ್ಲ. ನಮ್ಮ ಕಾಲದಲ್ಲಿ ಗಂಡು ಮಗ ಅಡುಗೆಮನೆಗೆ ಬಂದರೆ ತಾಯಿಗೆ ಮಾತು ಬರುತ್ತಿತ್ತು. "ನಿನಗೇನು ಕೈ ಕಾಲಿಲ್ಲವಾ" ಅಂತ ನನ್ನ ಅತ್ತೆ ನನಗೇ ಅನ್ನುತ್ತಿದ್ದರು. ಹಾಗಾಗಿ ಅವನು ಒಳಗೆ ಬಂದರೆ ನಾನೇ ಓಡಿಸುತ್ತಿದ್ದೆ. ಪ್ರೀತಿಯೂ ಇತ್ತು, ಹೆದರಿಕೆಯೂ ಇತ್ತು.

ಮೂರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆಯಿತು. ಸೊಸೆ ಊರಲ್ಲಿರಲಿಲ್ಲ. ನಾನು ಆಸ್ಪತ್ರೆಯಲ್ಲಿ. ಐವತ್ತು ಹತ್ತಿರ ಬಂದ ಮಗ ಹದಿನೈದು ದಿನ ಹೋಟೆಲ್ ಊಟ ತಂದುಕೊಟ್ಟ. ಉಪ್ಪು ಕಮ್ಮಿ ಇರಬೇಕು ಅಂತ ಡಾಕ್ಟರು ಹೇಳಿದ್ದರು. ಒಂದು ತಿಳಿಸಾರು ಮಾಡಿ ತರಲು ಅವನಿಗೆ ಬರಲಿಲ್ಲ. ಅಪ್ಪನ ಮುಂದೆ ಆ ಪೊಟ್ಟಣ ಬಿಚ್ಚುವಾಗ ಅವನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಅವನದೇನೂ ತಪ್ಪಿಲ್ಲ. ನಾನು ಕಲಿಸಲಿಲ್ಲ.

ಮಗಳೇ ಮಲ್ಲಿಗೆ, ನಿಮ್ಮ ಅತ್ತೆ ಜೊತೆ ಜಗಳ ಮಾಡಬೇಡಿ. ಅವರಿಗೇ ಕಲಿಸಲು ಹೇಳಿ. ನಿಮ್ಮ ಕೈ ಸಾರಿನ ರುಚಿ ಮೊಮ್ಮಗನಿಗೂ ಬರಲಿ ಅತ್ತೆ ಅನ್ನಿ. ಬೇಡ ಅನ್ನುವುದಿಲ್ಲ.

ಬೆಳ್ತಂಗಡಿ_ಬೆಳಕು
ಅಜ್ಜಿ, ನಿಮಗೆ ನಮಸ್ಕಾರ.

ಲೆಕ್ಕದ_ಮೇಷ್ಟ್ರು
ಅಜ್ಜಿಯ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ನನ್ನ ವಾದ ಸ್ವಲ್ಪ ಬದಲಿಸುತ್ತೇನೆ. ದಿನಕ್ಕೆ ಅರ್ಧ ಗಂಟೆ, ಹುಡುಗ ಹುಡುಗಿ ಇಬ್ಬರಿಗೂ, ಪರೀಕ್ಷೆ ಇದ್ದರೂ. ಆಟದ ಒಂದು ಗಂಟೆ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಹೊಸಪೇಟೆ_ಅಪ್ಪ
ಮೊದಲು "ಕಡ್ಡಾಯ ಮಾಡಿ" ಅಂತ ಒಂದೇ ಸಾಲು ಬರೆದು ಹೋಗಿದ್ದೆ. ನಿನ್ನೆ ರಾತ್ರಿ ಊಟ ಆದ ಮೇಲೆ ಹೆಂಡತಿ, "ನೀವು ಉಂಡ ತಟ್ಟೆ ಯಾವತ್ತು ಎತ್ತಿದ್ದೀರಿ" ಅಂದಳು. ಟೀಚರಮ್ಮ ಬರೆದಿದ್ದನ್ನು ಅವಳೂ ಓದಿದ್ದಾಳೆ. ನಿನ್ನೆ ಎತ್ತಿದೆ. ಮಗನೂ ಸುಮ್ನೆ ಎದ್ದು ಹಿಂದೆ ಬಂದ.

ಮೈಸೂರು_ಮಲ್ಲಿಗೆ
ಹತ್ತು ದಿನ ಆಯಿತು, ಬಂದು ಹೇಳಬೇಕು ಅನಿಸಿತು. ಪಟ್ಟಿ ಕಿತ್ತು ಹಾಕಿದೆ. ಅಜ್ಜಿ ಹೇಳಿದ ಮಾತನ್ನು ಅತ್ತೆಗೆ ಹಾಗೇ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ನಮ್ಮ ಮಾವನವರಿಗೆ ಬಿಟ್ಟರೆ ಈ ಮನೆಯಲ್ಲಿ ಯಾವ ಗಂಡಸಿಗೂ ಸಾರು ಮಾಡಲು ಬರಲ್ಲ" ಅಂದರು. ಅವರ ಮಾವ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವರಂತೆ! ಹದಿನಾಲ್ಕು ವರ್ಷ ಈ ಮನೆಯಲ್ಲಿದ್ದೇನೆ, ಇದು ನನಗೆ ಗೊತ್ತೇ ಇರಲಿಲ್ಲ.

ಭಾನುವಾರ ಅತ್ತೆ ಕುರ್ಚಿ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತರು. ಮಗ ಒಲೆ ಮುಂದೆ. ಲೈಟರ್ ನಾಲ್ಕು ಸಲ ಒತ್ತಿದ, ಐದನೇ ಸಲಕ್ಕೆ ಹತ್ತಿತು. ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಮುಖ ನೋಡಿದ. ನಾನು ಒಳಗೆ ಹೋಗಲಿಲ್ಲ, ಕಷ್ಟಪಟ್ಟು ತಡೆದುಕೊಂಡೆ. ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದ. ಅತ್ತೆ "ಪರವಾಗಿಲ್ಲ ಮರಿ, ನಾಳೆ ಸಿಡಿಯುತ್ತೆ" ಅಂದರು. ಮಗಳು ಅವತ್ತು ಬೆಳಿಗ್ಗೆಯಿಂದ ಹೊರಗೆ ಶಟಲ್ ಆಡುತ್ತಿದ್ದಳು. ಹಸಿವಾದಾಗ ಬಂದು ತಟ್ಟೆ ಮುಂದೆ ಕೂತಳು. ಅಣ್ಣ ಬಡಿಸಿದ. ಉಪ್ಪು ಜಾಸ್ತಿ ಆಗಿತ್ತು. ಎರಡು ಸಲ ಹಾಕಿಸಿಕೊಂಡಳು.

ಹತ್ತನೇ_ಕ್ಲಾಸ್_ಬಿ
ಆಂಟಿ, ಬೇಳೆಗೆ ಎಷ್ಟು ವಿಷಲ್? ನಾನೂ ಈ ಭಾನುವಾರ ಮಾಡಬೇಕು ಅಂತಿದ್ದೇನೆ.

ಅರವತ್ತೆಂಟರ_ಅಜ್ಜಿ
ತೊಗರಿಬೇಳೆಗೆ ಮೂರು ಸಾಕು ಮಗು. ಒಂದು ಚಿಟಿಕೆ ಅರಿಸಿನ, ನಾಲ್ಕು ತೊಟ್ಟು ಎಣ್ಣೆ ಹಾಕು, ಉಕ್ಕುವುದಿಲ್ಲ. ಪ್ರೆಶರ್ ಪೂರ್ತಿ ಇಳಿಯುವ ತನಕ ಮುಚ್ಚಳಕ್ಕೆ ಕೈ ಹಾಕಬೇಡ.